ಶೇರಿಗೊಂದು ಚೀಲ ಸಿಮೆಂಟು

ಶೇರು ಇದ್ದಷ್ಟು ಚೀಲ ಚಾಚು ಎಂದು ಹಿರಿಯರು ಹೇಳಿದ್ದಾರೆ. ಯಾವ ಹಿರಿಯರು ಎಂದು ಕೇಳಿದರೆ ಮಸಗುಪ್ಪಿಯ ಅಪ್ಪಣ್ಣನ ಕಡೆ ಬೆರಳು ತೋರಿಸಬೇಕಾಗುತ್ತದೆ. ಅವನಿಗೆ ಈಗ ಐವತ್ತೆಂಟು, ಹಿರಿಯ ಅನ್ನಲು ಅಡ್ಡಿಯಿಲ್ಲ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎನ್ನುತ್ತಾರಲ್ಲ, ಈ ಗಾದೆ ಮಾತ್ರ ಮೊದಲು ಸುಳ್ಳಾಗಿ ಆಮೇಲೆ ಖರೆ ಆಯಿತು. ಅದು ಹೇಗೆ ಅನ್ನುವುದೇ ಈ ಕಥೆ. ಕಥೆಯಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಇರುವ ಸುಳ್ಳೆಲ್ಲ ಮಹೇಶನ ಬಾಯಲ್ಲಿದೆ.

ಮಹೇಶ ಅಪ್ಪಣ್ಣನ ಅಕ್ಕನ ಮಗ. ಗೋಕಾಕದಲ್ಲಿ ಬಿ.ಕಾಂ. ಮುಗಿಸಿ, ಮೂಡಲಗಿಯ ಬಸ್ ನಿಲ್ದಾಣದ ಎದುರು ಆನ್‌ಲೈನ್ ಸೆಂಟರ್ ಇಟ್ಟುಕೊಂಡಿದ್ದ. ಅಂಗಡಿ ಹತ್ತು ಅಡಿ ಉದ್ದ, ಎಂಟು ಅಡಿ ಅಗಲ. ಆದರೆ ಅವನ ಗಂಟಲಿನಲ್ಲಿ ಇಪ್ಪತ್ತು ಜನ ಬಾಡಿಗೆಗಿದ್ದರು. ಕಂಡಕ್ಟರ್, ಹರಾಜು ಕೂಗುವವನು, ಕಾಲೇಜಿನ ಪ್ರಿನ್ಸಿಪಾಲ್, ಟೀವಿಯ ಹವಾಮಾನದ ಹುಡುಗಿ, ಯಾರು ಬೇಕೋ ಅವರನ್ನು ಕರೆಸುತ್ತಿದ್ದ. ಕಾಲೇಜಿನ ದಿನಗಳಲ್ಲಿ ಒಮ್ಮೆ ಗೋಕಾಕ ಬಸ್ ನಿಲ್ದಾಣದ ಕಂಬದ ಹಿಂದೆ ನಿಂತು, ಕಂಟ್ರೋಲರ್ ದನಿಯಲ್ಲಿ ಕೂಗಿ, ನಲವತ್ತು ಪ್ರಯಾಣಿಕರನ್ನು ಮೂರನೇ ಅಂಕಣದಿಂದ ಆರನೇ ಅಂಕಣಕ್ಕೆ ಓಡಿಸಿದ್ದ. ಬಸ್ಸು ಮೂರಕ್ಕೇ ಬಂತು.

ಇನ್ನು ಸೋದರಮಾವ ಅಂದರೆ ಕೇಳಬೇಕೆ? ಅಳಿಯ ಮಾವನನ್ನು ಕಾಡಿಸಬೇಕು, ಮಾವ ಅಳಿಯನನ್ನು ಬೈಯಬೇಕು. ಈ ಕಡೆ ಅದು ಹೊಲದ ಹಕ್ಕಿಗಿಂತ ಗಟ್ಟಿಯಾದ ಹಕ್ಕು, ಅದಕ್ಕೆ ಪಹಣಿಯೂ ಬೇಕಿಲ್ಲ.

ಒಂದು ಭಾನುವಾರ ಅಪ್ಪಣ್ಣ ಸಂತೆ ಮುಗಿಸಿ ಸೆಂಟರಿಗೆ ಬಂದು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಂತು, ರುಮಾಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡ.

"ಅಳಿಯಾ, ಟೀವ್ಯಾಗ ಹೇಳಾಕತ್ತಿದ್ರು. ದೇಶ ಬಾಳ ಮುಂದ ಹೊಂಟೈತಂತ. ಎಳಕೊಂಡು ಹೊಂಟ ಕಂಪನಿ ಯಾವ್ಯಾವು? ಹೆಸರು ತಗಿ. ನಾನೂ ಶೇರು ತಗೋಬೇಕು."

ಮೆಣಸಿನಕಾಯಿ ಮಾರಿದ ದುಡ್ಡು ಬ್ಯಾಂಕಿನಲ್ಲಿತ್ತು. ಮಹೇಶ ಮಾವನ ಹೆಸರಿನಲ್ಲಿ ಶೇರಿನ ಖಾತೆ ತೆರೆದು, ದೇಶದ ದೊಡ್ಡ ಕಂಪನಿಗಳ ಪಟ್ಟಿಯನ್ನು ಪರದೆಯ ಮೇಲೆ ಹರವಿದ. ಅಪ್ಪಣ್ಣ ಸಂತೆಯಲ್ಲಿ ಬದನೆಕಾಯಿ ಆರಿಸುವವನಂತೆ ಮುಂದಕ್ಕೆ ಬಾಗಿದ.

"ಬ್ಯಾಂಕು ಅದಾವು ನೋಡು ಮಾಮಾ. ಎಲ್ಲಾರೂ ತಗೋತಾರ."

"ಬ್ಯಾಡ. ಅವರು ಕೊಟ್ರ ಒಂದು ಪಾಸ್‌ಬುಕ್ ಕೊಟ್ಟಾರು."

"ಸಾಫ್ಟ್‌ವೇರ್?"

"ಅದನ್ನ ತಂದು ಎಲ್ಲಿಡೂದು?"

"ಔಷಧದ ಕಂಪನಿ. ಜಗತ್ತಿಗೆಲ್ಲ ನಮ್ಮ ದೇಶದ ಗುಳಿಗಿನ ಹೊಕ್ಕಾವು."

"ಥೂ! ಮನಿ ತುಂಬ ಗುಳಿಗಿ ಇಟ್ಟರ ಜಡ್ಡು ವಿಳಾಸ ಹುಡುಕ್ಕೊಂಡು ಬರತಾವು. ಮುಂದ ಹೋಗು."

"ಉಕ್ಕು? ಸಿಮೆಂಟು?"

"ಹಾಂ! ನಿಲ್ಲು, ನಿಲ್ಲು. ಸಿಮೆಂಟು ಹಾಕು. ಹನ್ನೆರಡು."

ಹನ್ನೆರಡೇ ಯಾಕೆ ಎಂದು ಮಹೇಶ ಕೇಳಲಿಲ್ಲ. ಶಕುನದ ಸಂಖ್ಯೆ ಇರಬೇಕು ಅಂದುಕೊಂಡ. ಮಾವನ ಹಟಕ್ಕೆ ಆ ಹನ್ನೆರಡು ಶೇರಿನ ಪತ್ರವನ್ನು ಬಣ್ಣದಲ್ಲಿ ಮುದ್ರಿಸಿ, ಲ್ಯಾಮಿನೇಶನ್ ಮಾಡಿ, ಮೂಲೆಗೆ ತೂತು ಹೊಡೆದು ದಾರ ಕಟ್ಟಿಯೂ ಕೊಟ್ಟ.

ಹನ್ನೆರಡರ ಗುಟ್ಟು ಬಯಲಾದದ್ದು ಮೂರು ವಾರದ ಮೇಲೆ, ಒಂದು ಬುಧವಾರ. ಅಪ್ಪಣ್ಣ ಸೆಂಟರಿಗೆ ಬಂದಾಗ ಕಂಕುಳಲ್ಲಿ ಗೋಣಿಚೀಲದ ಕಟ್ಟಿತ್ತು. ತೊಳೆದು ಒಣಗಿಸಿದ ಚೀಲ. ಎಣಿಸಿದರೆ ಹನ್ನೆರಡು.

"ಅಳಿಯಾ, ಹಂಚೂದು ಯಾವಾಗ? ದೀಪಾವಳಿ ಮುಂದೋ ಹಿಂದೋ?"

"ಏನು ಹಂಚೂದು?"

"ಶೇರಿನ ಸಿಮೆಂಟು!"

ಮಹೇಶನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದ ಮೇಲೆ ಕೆಮ್ಮಿನ ನೆಪದಲ್ಲಿ ಪ್ರಿಂಟರ್ ಹಿಂದೆ ಬಗ್ಗಿ ಕುಳಿತುಬಿಟ್ಟ.

ತಪ್ಪು ಅಪ್ಪಣ್ಣನದಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿಯ ಕಬ್ಬಿನ ಸೀಮೆಯಲ್ಲಿ ಶೇರು ಎಂದರೆ ಸಕ್ಕರೆ. ಸಹಕಾರಿ ಕಾರ್ಖಾನೆಯಲ್ಲಿ ಅಜ್ಜ ಒಂದು ಶೇರು ತೆಗೆದಿಟ್ಟಿದ್ದರೆ, ಮೊಮ್ಮಗ ಹಬ್ಬದ ಮುಂದೆ ಶೇರಿನ ಕಾರ್ಡು ಹಿಡಿದು, ತೊಳೆದ ಚೀಲ ತಗೊಂಡು ಗೇಟಿಗೆ ಹೋಗಿ, ಶೇರುದಾರರ ಅಗ್ಗದ ದರದಲ್ಲಿ ಸಕ್ಕರೆ ತುಂಬಿಸಿಕೊಂಡು ಬರುತ್ತಾನೆ. ಅಪ್ಪಣ್ಣ ಮೂವತ್ತು ವರ್ಷ ಹಾಗೆಯೇ ತಂದಿದ್ದ. ಸಕ್ಕರೆ ಕಂಪನಿ ಸಕ್ಕರೆ ಕೊಟ್ಟರೆ ಸಿಮೆಂಟ್ ಕಂಪನಿ ಏನು ಕೊಡಬೇಕು? ಲೆಕ್ಕ ಸರಿಯಾಗಿಯೇ ಇತ್ತು, ಕಂಪನಿ ಮಾತ್ರ ಬೇರೆ ಜಾತಿಯದು.

"ಹನ್ನೆರಡು ಚೀಲ ಯಾತಕ್ಕ ಮಾಮಾ?" ಮಹೇಶ ಮುಖ ಒರೆಸಿಕೊಂಡು ಕೇಳಿದ.

"ನಿಮ್ಮತ್ತಿ ರೊಟ್ಟಿ ಶೆಡ್ಡಿಗೆ. ಬರೂ ಶನಿವಾರ ಬಿಟ್ಟು ಮುಂದಿನ ಶನಿವಾರ ಫುಡ್ ಲೈಸೆನ್ಸಿನ ಸಾಹೇಬ ಬರ್ತಾನ. ಸೆಗಣಿ ಸಾರಿಸಿದ ನೆಲ ನಡಿಯೂದಿಲ್ಲಂತ. ಸಿಮೆಂಟಿನ ನೆಲ ಇದ್ರಷ್ಟ ಸಹಿ. ಗೌಂಡಿ ಪರಸಪ್ಪ ಹನ್ನೆರಡು ಚೀಲ ಅಂದಾನ."

ಆ ಅರ್ಜಿ ತುಂಬಿದವನು ಮಹೇಶನೇ. ಅಪ್ಪಣ್ಣನ ಹೆಂಡತಿ ಯಲ್ಲವ್ವ, ಬಾಜೂ ಮನೆಯ ಶೆಟ್ಟೆವ್ವ, ಇನ್ನೂ ಐದು ಜನ ಹೆಣ್ಣುಮಕ್ಕಳು ಸೇರಿ ಸಂಘ ಮಾಡಿಕೊಂಡು ಜೋಳದ ಖಡಕ್ ರೊಟ್ಟಿ ಬಡಿಯುತ್ತಿದ್ದರು. ಬೆಳಗಾವಿಯ ದೊಡ್ಡ ಅಂಗಡಿಯೊಂದು ರೊಟ್ಟಿ ತಿಂದು ನೋಡಿ, ಲೈಸೆನ್ಸ್ ಇದ್ದರೆ ದಿನಾ ಕಳಿಸಿರಿ, ಇಲ್ಲದಿದ್ದರೆ ಬೇರೆಯವರಿಗೆ ಹೇಳುತ್ತೇವೆ ಎಂದಿತ್ತು. ಏಳು ಮನೆಯ ಒಲೆ ಆ ಒಂದು ಸಹಿಗೆ ಕಾಯುತ್ತಿತ್ತು.

ಇದೆಲ್ಲ ಗೊತ್ತಿದ್ದ ಮಹೇಶ ಅಲ್ಲೇ ಮಾವನನ್ನು ಕೂಡಿಸಿ ತಿಳಿಸಿ ಹೇಳಬೇಕಿತ್ತು. ಆದರೆ ಆ ಹನ್ನೆರಡು ಚೀಲ ನೋಡಿದ ಮೇಲೆ ಅವನ ಗಂಟಲಿನ ಬಾಡಿಗೆದಾರರಲ್ಲಿ ಒಬ್ಬ ಎದ್ದು ಕೂತಿದ್ದ. ಹೇಗೂ ಸಿಮೆಂಟನ್ನು ಮೂಡಲಗಿಯ ಅಂಗಡಿಯಿಂದ ತಂದರಾಯಿತು, ಎರಡು ದಿನ ಮಜಾ ಮಾಡೋಣ ಅಂದುಕೊಂಡ. "ಕಂಪನಿಯಿಂದನ ಫೋನ್ ಬರತೈತಿ ಮಾಮಾ," ಎಂದು ಕಳಿಸಿಕೊಟ್ಟ.

ಸಂಜೆ ಬಾಜೂ ಚಹಾದಂಗಡಿಯ ಉಮೇಶನ ಫೋನು ಇಸಿದುಕೊಂಡು ಮಾವನಿಗೆ ಹಚ್ಚಿದ.

"ನಮಸ್ಕಾರ್! ಅಪ್ಪಣ್ಣಾಜೀ ಕ್ಯಾ? ನಾನು ಮುಂಬಯಿ ಹೆಡ್ ಆಫೀಸ್ ಸೇ ಗಿರಿಧರಭಾಯಿ. ಕನ್ನಡಾ ಥೋಡಾ ಥೋಡಾ ಬರ್ತದ."

ಆ ಕಡೆ ಅಪ್ಪಣ್ಣ ಎದ್ದು ನಿಂತದ್ದು ಫೋನಿನಲ್ಲೇ ಕೇಳಿಸಿತು. "ನಮಸ್ಕಾರ್ರಿ ಸಾಹೇಬ್ರ! ಚಹಾ ಆತೇನ್ರಿ?"

"ಆತು, ಆತು. ನಿಮ್ಮ ಬಾರಾ ಶೇರ್, ಬಾರಾ ಚೀಲ, ಏಕದಂ ಫ್ರೀ. ಸೋಮವಾರ ಬೆಳಿಗ್ಗೆ ಘಟಪ್ರಭಾ ಸ್ಟೇಷನ್, ಗೂಡ್ಸ್ ಶೆಡ್. ಕಾರ್ಡ್ ತರಬೇಕು. ಚೀಲ ತೊಳೆದಿದ್ದು ಬೇಕು."

"ತೊಳದೇನ್ರಿ!"

"ಇಸ್ತ್ರಿ?"

"ಚೀಲಕ್ಕೇನ್ರಿ?"

"ಅಪ್ಪಣ್ಣಾಜೀ, ಇದು ನಂಬರ್ ಒನ್ ಕಂಪನಿ ಅದ. ಸುಕ್ಕು ಇದ್ದರ ಸಿಮೆಂಟ್ ಮೂಲಿಯೊಳಗ ಕೂಡತದ."

"ಖರೆ ಐತ್ರಿ," ಅಂದ ಅಪ್ಪಣ್ಣ, ಎಂಥ ದೊಡ್ಡ ಗುಟ್ಟು ತನಗೆ ಹೇಳಿದರಲ್ಲ ಎಂಬ ದನಿಯಲ್ಲಿ.

ಉಮೇಶ ನಕ್ಕು ನಕ್ಕು ಚಹಾದ ಪಾತ್ರೆಗೆ ಎರಡು ಸಲ ಸಕ್ಕರೆ ಹಾಕಿದ. ಮಹೇಶನ ಹೂಟ ಇಷ್ಟೇ ಆಗಿತ್ತು: ಭಾನುವಾರ ಸಂತೆಗೆ ಬಂದ ಮಾವನಿಗೆ ಅದೇ ದನಿಯಲ್ಲಿ ಗುಟ್ಟು ಒಡೆದು, ಎರಡು ಬೈಗುಳ ತಿಂದು, ಇಬ್ಬರೂ ಕೂಡಿ ಅಂಗಡಿಗೆ ಹೋಗಿ ಸಿಮೆಂಟ್ ತರುವುದು. ಆದರೆ ಭಾನುವಾರ ಅಪ್ಪಣ್ಣ ಸಂತೆಗೆ ಬರಲೇ ಇಲ್ಲ. ಸೋಮವಾರ ಎಂಟೂವರೆಗೆ ಮಹೇಶ ಮಸಗುಪ್ಪಿಗೆ ಬೈಕು ಹೊಡೆದ.

ರೊಟ್ಟಿ ಶೆಡ್ಡಿನ ಬಾಗಿಲಲ್ಲಿ ಒಳಗಿಡಲು ಎತ್ತಿದ ಕಾಲನ್ನು ಹಿಂದೆ ತೆಗೆದ. ನೆಲವೇ ಇರಲಿಲ್ಲ. ಮೂರು ತಲೆಮಾರು ಸಾರಿಸಿದ್ದ ನೆಲವನ್ನು ಮೊಳಕಾಲುದ್ದ ಅಗೆದು, ಕಲ್ಲು ಹಾಕಿ ಬಡಿದಿದ್ದರು. ಅಂಗಳದಲ್ಲಿ ಉಸುಕು, ಜಲ್ಲಿ ಕಡಿ ಎರಡು ಗುಡ್ಡ. ಗೌಂಡಿ ಪರಸಪ್ಪ ಉಸುಕಿನ ಮೇಲೆ ಕುಂತು ತಂಬಾಕು ತಿಕ್ಕುತ್ತಿದ್ದ.

"ಎಲ್ಲಿ ಹೋದ್ರು ಎಲ್ಲಾರೂ?"

"ಟ್ರ್ಯಾಕ್ಟರ್ ತಗೊಂಡು ಘಟಪ್ರಭಾಕ್ಕ. ಹೆಣ್ಣುಮಕ್ಕಳೂ ಹೋದ್ರು, ಚೀಲ ಏರಸಾಕ. ಸಂಘದ ರೊಕ್ಕೆಲ್ಲ ಈ ಉಸುಕು, ಕಡಿಗೇ ಆತು. ಸಿಮೆಂಟು ಪುಕ್ಕಟ ಬರತೈತಂತಲ್ಲ, ಅದಕ್ಕ." ಪರಸಪ್ಪ ಸುಣ್ಣದ ಡಬ್ಬಿ ಮುಚ್ಚಿದ. "ಮತ್ತ ನಿನ್ನ ಮಾಮಾ ರಾತ್ರಿ ಚೀಲಕ್ಕ ಇಸ್ತ್ರಿ ಹೊಡ್ಯಾಕತ್ತಿದ್ದ. ತಲಿ ನೆಟ್ಟಗೈತೋ ಇಲ್ಲೋ ನೋಡ್ರಪಾ."

ಮಹೇಶ ಬೈಕು ತಿರುಗಿಸಿದ. ದಾರಿಯಲ್ಲಿ ಮೂಡಲಗಿಯಲ್ಲಿ ನಿಂತು ಉಮೇಶನ ಫೋನನ್ನು ಕಸಿದುಕೊಂಡ, ಬೇಕಾದೀತು ಎಂದು. ಅರಭಾವಿ ದಾಟುವವರೆಗೆ ತಾನು ಏನು ಹೇಳಬೇಕು, ಯಾರ ದನಿಯಲ್ಲಿ ಹೇಳಬೇಕು ಎಂದು ಯೋಚಿಸಿದ. ಇಪ್ಪತ್ತು ದನಿಗಳಲ್ಲಿ ಒಂದೂ ಈ ಕೆಲಸಕ್ಕೆ ಒಪ್ಪಲಿಲ್ಲ.

ಘಟಪ್ರಭಾದ ಗೂಡ್ಸ್ ಶೆಡ್ಡಿಗೆ ಬಂದು ನೋಡಿದರೆ ಅಲ್ಲಿ ಖರೇನೇ ಒಂದು ಸಿಮೆಂಟಿನ ರೈಲು ನಿಂತಿತ್ತು! ಮಹೇಶ ಆ ಸ್ಟೇಷನ್ನಿನ ಹೆಸರು ಹೇಳಿದ್ದು ಬಾಯಿಗೆ ಬಂತೆಂದು. ತನ್ನ ಸುಳ್ಳಿಗೆ ರೈಲು ಇಷ್ಟು ಬೇಗ ಸಿಗುತ್ತದೆ ಎಂದು ಅವನು ಕನಸಲ್ಲೂ ಎಣಿಸಿರಲಿಲ್ಲ. ಚೀಲದ ಮೇಲಿನ ಕಂಪನಿಯ ಹೆಸರೂ ಮಾವನ ಕಾರ್ಡಿನ ಮೇಲಿದ್ದದ್ದೇ. ಹಮಾಲರು ಕೊಕ್ಕೆ ಹಾಕಿ ಚೀಲ ಎಳೆಯುತ್ತಿದ್ದರು, ಬೂದು ಧೂಳು ಮೋಡದಂತೆ ಎದ್ದಿತ್ತು. ಆ ಮೋಡದ ನಡುವೆ ಅಪ್ಪಣ್ಣ ಇಸ್ತ್ರಿಯ ಚೀಲಗಳನ್ನು ತಟ್ಟೆಯಂತೆ ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ಎದುರಿಗೆ ಸೂಪರ್‌ವೈಜರ್ ಅಸ್ಫಾಕ, ಹುಕ್ಕೇರಿಯವನು, ಕೈಗಡಿಯಾರ ನೋಡುತ್ತ. ಹಿಂದೆ ಏಳು ಜನ ಹೆಣ್ಣುಮಕ್ಕಳು. ಮಹೇಶ ಕಂಬದ ಮರೆಗೆ ಸರಿದ.

"ಇದೇನ್ರಿ ಕಾಕಾ?" ಅಸ್ಫಾಕ ಆ ಲ್ಯಾಮಿನೇಶನ್ ಕಾರ್ಡು ತಿರುವಿ ನೋಡುತ್ತಿದ್ದ.

"ಶೇರಿಂದು. ಹನ್ನೆರಡು ಚೀಲ ಕೊಟ್ಟುಬಿಡ್ರಿ, ದೂರ ಹೋಗಬೇಕು."

ಅಸ್ಫಾಕನಿಗೆ ನಗು ಬಂತು, ಆದರೆ ಕೆಲಸದ ಗಡಿಬಿಡಿಯಲ್ಲಿ ಅದನ್ನು ಅರ್ಧಕ್ಕೇ ನುಂಗಿದ. "ಕಾಕಾ, ನಮ್ಮ ಹುಕ್ಕೇರ್ಯಾಗ ಕರೆಂಟಿನ ಸೊಸೈಟಿ ಐತಿ, ಕೇಳೀರಿಲ್ಲೋ? ನಮ್ಮ ಅಬ್ಬಾ ಅದರಾಗ ಮೆಂಬರ್. ಹಂಗಂತ ಅವರು ಕೊಡಾ ತಗೊಂಡು ಹೋಗಿ, ನನ್ನ ಪಾಲಿನ ಕರೆಂಟು ತುಂಬಿಕೊಡ್ರಿ ಅಂತಾರೇನ್ರಿ?"

"ಹಂಗಾರ ಶೇರು ತಗೊಂಡ್ರ ಸಿಗೂದು ಏನು?"

"ಪಾಲ್ರಿ. ನೀವು ಈ ಕಂಪನೀ ಮಾಲಕರು. ಎಳ್ಳಿನಷ್ಟ."

"ಸಿಮೆಂಟು?"

"ಸಿಮೆಂಟ್ ಅಂಗಡ್ಯಾಗ ಸಿಗತೈತ್ರಿ."

ಅಪ್ಪಣ್ಣ ಇಸ್ತ್ರಿಯ ಚೀಲಗಳನ್ನು ಕಂಕುಳಿಗೆ ಸರಿಸಿದ. ಯಲ್ಲವ್ವ ಗಂಡನ ಮುಖ ನೋಡಿದಳು. ಇಡೀ ಗೂಡ್ಸ್ ಶೆಡ್ಡಿನಲ್ಲಿ ಕೊಕ್ಕೆಯ ಸದ್ದೊಂದೇ. ಮಹೇಶನಿಗೆ ಅದು ತನ್ನ ಕೊರಳಿಗೇ ಬಿದ್ದಂತೆ ಕೇಳಿಸಿತು. ಎದುರಿಗೆ ಹೋಗಿ ಕಾಲು ಹಿಡಿಯಬೇಕು ಎಂದು ಮನಸ್ಸು ಹೇಳಿದರೂ ಕೈ ಮಾತ್ರ ಹಳೇ ಚಾಳಿಯಂತೆ ಉಮೇಶನ ಫೋನಿಗೆ ಹೋಯಿತು. ಗಿರಿಧರಭಾಯಿಯೇ ತಪ್ಪು ಒಪ್ಪಿಕೊಂಡರೆ ಮಾವನ ಮರ್ಯಾದೆಯಾದರೂ ಉಳಿದೀತು!

"ಅಪ್ಪಣ್ಣಾಜೀ, ಗಿರಿಧರಭಾಯಿ. ಮುಂಬಯಿಯೊಳಗ ಬಹಳ ಮಳಿ ಅದ. ಪ್ರೋಗ್ರಾಮ್ ಕ್ಯಾನ್ಸಲ್…"

ಆಗ ರೈಲಿನ ಎಂಜಿನ್ನು ಭೋಂ ಎಂದು ಕೂಗಿತು. ಅಪ್ಪಣ್ಣನ ಬಲಗಿವಿಯಲ್ಲಿ ಫೋನು, ಎಡಗಿವಿ ತೆರೆದೇ ಇತ್ತು. ಒಂದೇ ಕೂಗು ಎರಡೂ ಕಿವಿಗೆ ಒಟ್ಟಿಗೇ ಬಡಿಯಿತು. ಅವನು ಫೋನನ್ನು ಕಿವಿಯಿಂದ ತೆಗೆದು ನೋಡಿದ, ಎಂಜಿನ್ನಿನ ಕಡೆ ನೋಡಿದ, ಆಮೇಲೆ ಸಾವಕಾಶ ಕಂಬದ ಕಡೆ ತಿರುಗಿದ.

"ಸಾಹೇಬ್ರ," ಎಂದ ಫೋನಿನಲ್ಲೇ, "ಮುಂಬಯಿ ಬಾಳ ಹತ್ತರ ಬಂದೈತಿ ನೋಡ್ರಿ."

ಅವನ ಮಾತು ಮುಗಿಯುವುದರೊಳಗೆ ಶೆಟ್ಟೆವ್ವ ಕಂಬದ ಹಿಂದಿನಿಂದ ಗಿರಿಧರಭಾಯಿಯ ಕಿವಿ ಹಿಡಿದು ಹೊರಗೆ ಎಳೆದುಕೊಂಡು ಬಂದಳು. "ಇದ ನೋಡ್ರಿ ಹೆಡ್ ಆಫೀಸು! ನಿನ್ನ ಬಾಯಾಗ ಹಸಿ ಸಿಮೆಂಟ್ ತುಂಬಿ ನೀರು ಹೊಡೀಬೇಕು, ಬಾಡ್ಯಾ!"

ಮಹೇಶ ತನ್ನ ಸ್ವಂತ ದನಿಯಲ್ಲಿ ಎಲ್ಲ ಹೇಳಿದ. ಆ ದನಿ ಬಹಳ ದಿನದಿಂದ ಬಳಸದೆ ತುಕ್ಕು ಹಿಡಿದಂತಿತ್ತು.

ಯಲ್ಲವ್ವ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನೆಲ ಅಗದೇವಿ, ಮಹೇಶಾ," ಎಂದಳು. "ಶನಿವಾರ ಸಾಹೇಬ ಬರ್ತಾನ. ಏಳು ಮಂದಿ ದುಡ್ಡು ಉಸುಕಿನ್ಯಾಗ ಬಿದ್ದೈತಿ. ಅರ್ಜಿ ತುಂಬಿದಾಂವ ನೀನ ಅಲ್ಲೇನು?"

"ನನ್ನ ಪ್ರಿಂಟರ್ ಮಾರಿ ತಂದುಕೊಡ್ತೇನಿ ಅತ್ತಿ…"

"ತಡಿ," ಎಂದ ಅಪ್ಪಣ್ಣ. ಅವನು ಅಳಿಯನ ಕಡೆ ನೋಡಲೇ ಇಲ್ಲ. ರೈಲಿನ ಪಕ್ಕದ ಕಟ್ಟೆಯ ಉದ್ದಕ್ಕೂ ಚೆಲ್ಲಿದ್ದ ಸಿಮೆಂಟನ್ನು ನೋಡುತ್ತಿದ್ದ. "ಸೂಪರ್‌ವೈಜರ್ ಸಾಹೇಬ್ರ, ನಾ ಮಾಲಕ ಅಂದ್ರಿ."

"ಎಳ್ಳಿನಷ್ಟ."

"ಎಳ್ಳು ಸಾಕು. ಮತ್ತ ನನ್ನ ಮಾಲು ಯಾಕ ಹಿಂಗ ನೆಲಕ್ಕ ಬಿದ್ದೈತಿ? ಲೇ ತಮ್ಮಾ! ಕೊಕ್ಕಿ ಬಿಡು! ಚೀಲ ಹರಿಯಾಕತ್ತೈತಿ. ಹೊಟ್ಟಿ ಕೆಳಗ ಕೈ ಹಾಕಿ ಎತ್ತು, ಕೂಸಿನ್ನ ಎತ್ತಿದಂಗ!"

ಹಮಾಲ ಬೆಚ್ಚಿ ಕೊಕ್ಕೆ ಬಿಟ್ಟ. ಅಸ್ಫಾಕ ಹಣೆ ಒರೆಸಿಕೊಂಡ. "ಏನ್ ಮಾಡೂದ್ರಿ ಕಾಕಾ? ಎರಡು ಗಂಟೇಕ್ಕ ರೈಲು ಬಿಡಬೇಕು, ಅಷ್ಟರಾಗ ಕಟ್ಟಿನೂ ಕಸಾ ಹೊಡದು ಕೊಡಬೇಕು. ಅರ್ಧ ಹಮಾಲರು ಮದವಿಗೆ ಹೋಗ್ಯಾರ. ಚೆಲ್ಲಿದ್ದು ತುಂಬಾಕ ಆಳಿಲ್ಲ, ಖಾಲಿ ಚೀಲಿಲ್ಲ."

"ಚೀಲಿಲ್ಲ?" ಎಂದ ಅಪ್ಪಣ್ಣ. ಹನ್ನೆರಡು ಇಸ್ತ್ರಿ ಚೀಲಗಳನ್ನು ಅಸ್ಫಾಕನ ಮೂಗಿನ ಕೆಳಗೆ ಹಿಡಿದ. "ಮೂಸಿ ನೋಡ್ರಿ. ಸುಕ್ಕಿಲ್ಲ."

ಅಸ್ಫಾಕ ಮೇಲಿನವರಿಗೆ ಫೋನು ಹಚ್ಚಿದ. ಕಟ್ಟೆ ಯಾರು ಸ್ವಚ್ಛ ಮಾಡುತ್ತಾರೋ ಚೆಲ್ಲಿದ್ದು ಅವರಿಗೇ, ಆದರೆ ಮಧ್ಯಾಹ್ನ ಎರಡರೊಳಗೆ ಎಂದು ಉತ್ತರ ಬಂತು. ಇನ್ನು ಕೇಳಬೇಕೆ? ಏಳು ಜನ ಹೆಣ್ಣುಮಕ್ಕಳು ಸೆರಗು ಮೂಗಿಗೆ ಕಟ್ಟಿ ಕಟ್ಟೆ ಹತ್ತಿದರು. ಟ್ರ್ಯಾಕ್ಟರಿನಲ್ಲಿ ಉಸುಕಿನ ಜರಡಿ ಇತ್ತು. ಹಿಟ್ಟು ಸಾಣಿಸುವ ಕೈಗೆ ಸಿಮೆಂಟು ಯಾವ ಲೆಕ್ಕ? ಒಬ್ಬಳು ಗುಡಿಸಿ ಕೂಡಿಸಿದರೆ, ಒಬ್ಬಳು ಸಾಣಿಸಿ ಹರಳು ಬೇರೆ ಮಾಡಿದಳು, ಒಬ್ಬಳು ಚೀಲದ ಬಾಯಿ ಹಿಡಿದಳು. "ಜ್ವಾಳಕ್ಕಿಂತ ಬಾಳ ಜಿಗಟ ಐತಿ ಬಿಡವಾ," ಎಂದಳು ಶೆಟ್ಟೆವ್ವ, "ರೊಟ್ಟಿ ಹರಿಯೂದಿಲ್ಲ." ಹಮಾಲರೂ ನಕ್ಕರು. ಅಪ್ಪಣ್ಣ ಮಾತ್ರ ನಗದೆ ವ್ಯಾಗನ್ನಿಂದ ವ್ಯಾಗನ್ನಿಗೆ ಓಡಾಡಿ ಮಾಲಕತನ ಮಾಡಿದ. ತುಂಬಿದ ಚೀಲ ಹೊತ್ತು ಟ್ರ್ಯಾಕ್ಟರಿಗೆ ಹಾಕುವ ಕೆಲಸ ಮಹೇಶನ ಪಾಲಿಗೆ ಬಂತು. ಶೇರುದಾರನ ಅಪ್ಪಣೆ ಕಣ್ಣಿನಲ್ಲೇ ಇತ್ತು, ಬಾಯಿಂದ ಒಂದು ಮಾತಿಲ್ಲ.

ಒಂದೂವರೆಗೆ ಹನ್ನೆರಡು ಚೀಲ ತುಂಬಿ, ಇನ್ನೂ ಉಳಿಯಿತು. ಉಳಿದದ್ದನ್ನು ಮಹೇಶನ ಬೈಕಿನ ಹೊಸ ಹೊದಿಕೆಯಲ್ಲಿ ಗಂಟು ಕಟ್ಟಿದರು. ಗೇಟಿನ ಪಾಸಿನಲ್ಲಿ ಅಸ್ಫಾಕ ಹೆಸರಿನ ಮುಂದೆ ಏನು ಬರೆಯಲಿ ಎಂದು ಕೇಳಿದ. "ಮಾಲಕ ಅಂತ ಬರೀರಿ," ಎಂದ ಅಪ್ಪಣ್ಣ. ಅಸ್ಫಾಕ ಹಾಗೆಯೇ ಬರೆದ.

ಮಂಗಳವಾರ ಪರಸಪ್ಪ ಸಿಮೆಂಟನ್ನು ಬೆರಳಲ್ಲಿ ತಿಕ್ಕಿ ನೋಡಿ, ಮಾಳಿಗೆಗಾದರೆ ಬೇಡ ಅನ್ನುತ್ತಿದ್ದೆ, ನೆಲಕ್ಕೆ ಏನೂ ಅಡ್ಡಿಯಿಲ್ಲ ಎಂದು ಕೆಲಸ ಹಿಡಿದ. ಬುಧವಾರದಿಂದ ಮಹೇಶ ಸೆಂಟರ್ ತೆಗೆಯುವ ಮುಂದೆ ಬಂದು ನೆಲಕ್ಕೆ ನೀರು ಹೊಡೆದ, ಸಂಜೆ ಮುಚ್ಚಿ ಬಂದು ಮತ್ತೆ ಹೊಡೆದ. ಮಾವ ಕಟ್ಟೆಯ ಮೇಲೆ ಕುಂತು ನೋಡುತ್ತಿದ್ದ. ಆ ಮೂಲೆ, ಈ ಮೂಲೆ ಎಂದು ಕೈ ಮಾಡುತ್ತಿದ್ದ. ಬೈಗುಳ ಮಾತ್ರ ಒಂದೂ ಇಲ್ಲ. ಬೈಯದ ಮಾವ! ಮಹೇಶನಿಗೆ ಊಟ ಸೇರಲಿಲ್ಲ.

ಶನಿವಾರ ಸಾಹೇಬರು ಬಂದರು. ಗಂಭೀರ ಮನುಷ್ಯ. ಚಪ್ಪಲಿ ಹೊರಗೆ ಬಿಟ್ಟು, ನೆಲದ ಮೇಲೆ ಬರಿಗಾಲಲ್ಲಿ ಈ ತುದಿಯಿಂದ ಆ ತುದಿಗೆ ನಡೆದು, ಹಿಮ್ಮಡಿಯಿಂದ ಎರಡು ಸಲ ಕುಟ್ಟಿ ನೋಡಿದರು. ಏಳು ಜನ ಹೆಣ್ಣುಮಕ್ಕಳು ಗೋಡೆಗೆ ಆತು ನಿಂತರು.

"ನೆಲಾ ಚಲೋ ಆಗೇತಿ," ಎಂದರು ಸಾಹೇಬರು. ಪೆನ್ನು ತೆಗೆದು, ಸುಮ್ಮನೆ ಮಾತಿಗೆಂದು ಕೇಳಿದರು, "ಸಿಮೆಂಟ್ ಎಲ್ಲಿಂದ ತಂದ್ರಿ?"

ಮಹೇಶ ಕೈಯಲ್ಲಿದ್ದ ನೀರಿನ ಕೊಡವನ್ನು ಮುಖಕ್ಕೆ ಅಡ್ಡ ಹಿಡಿದ. ಅಪ್ಪಣ್ಣ ಮುಂದೆ ಬಂದು ಕೈಮುಗಿದ.

"ನಾವು ಆ ಕಂಪನೀ ಮಾಲಕರ್ರಿ," ಎಂದ. "ನಮ್ಮ ಮುಂಬಯಿ ಮ್ಯಾನೇಜರ್ ಇಲ್ಲೇ ಕೊಡಾ ಹಿಡದು ನಿಂತಾನ, ನೋಡ್ರಿ. ಅಂವ ನನಗ ಫೋನ್ ಮಾಡಿ, ಚೀಲಕ್ಕ… ಚೀಲಕ್ಕ ಇಸ್…"

ಅಲ್ಲಿಗೆ ನಿಂತ. ಮೀಸೆ ನಡುಗಿತು. ಐದು ದಿನ ಹಿಡಿದಿಟ್ಟದ್ದೆಲ್ಲ ಹೊಟ್ಟೆಯಿಂದ ಉಬ್ಬಿ ಬಂತು. "ಇಸ್ತ್ರಿ" ಅನ್ನುವಷ್ಟರಲ್ಲಿ ಅಪ್ಪಣ್ಣ ನೆಲದ ಮೇಲೇ ಕುಂತುಬಿಟ್ಟ. "ಗೋಣಿಚೀಲಕ್ಕ ರೀ ಸಾಹೇಬ್ರ! ಹನ್ನೆರಡಕ್ಕೂ ಹೊಡದೆ! ನಡುವ ನೀರು ಚಿಮುಕಿಸಿ ಚಿಮುಕಿಸಿ ಹೊಡದೆ!" ಕಣ್ಣಲ್ಲಿ ನೀರು, ರುಮಾಲು ಎಲ್ಲೋ. ಸಾಹೇಬರ ಗಾಂಭೀರ್ಯ ತುಟಿಯಲ್ಲಿ ಬಿರುಕು ಬಿಟ್ಟಿತು. ಶೆಟ್ಟೆವ್ವ, ಯಲ್ಲವ್ವ, ಪರಸಪ್ಪ ಎಲ್ಲರೂ ನಕ್ಕರು. "ಏ ಮಂಗ್ಯಾನ ಮಗನ, ಅಲ್ಲೇನ ನಿಂತಿ, ಬಾ ಇಲ್ಲೆ, ಮುಂದಿಂದು ನೀನ ಹೇಳು," ಎಂದು ಮಾವ ಬೈದ ಮೇಲೆ ಮಹೇಶನೂ ಕೊಡ ಇಳಿಸಿ ನಕ್ಕ. ಸಾಹೇಬರು ನಗುತ್ತಲೇ ಸಹಿ ಹಾಕಿದರು.

ಇವರೆಲ್ಲರ ನಗು ಸೇರಿದರೂ ಅಪ್ಪಣ್ಣನ ನಗುವಿಗೆ ಸಾಟಿಯಾಗಲಿಲ್ಲ. ಅದು ರಸ್ತೆಗೆ ಕೇಳಿಸಿ, ಕುಲಗೋಡದ ಬಸ್ಸಿಗೆ ಕಾಯುತ್ತಿದ್ದ ನಾಲ್ಕು ಮಂದಿ ಏನಾಯಿತೆಂದು ಬಾಗಿಲಿಗೆ ಬಂದು ಇಣುಕಿದರು. ಅವರಿಗೂ ಹೇಳಬೇಕಲ್ಲ! ಅಪ್ಪಣ್ಣ ಕಣ್ಣೊರೆಸಿಕೊಂಡು, ಗಂಟಲು ಸರಿ ಮಾಡಿಕೊಂಡು, ಮೊದಲಿನಿಂದ ಶುರುಮಾಡಿದ. ಇಸ್ತ್ರಿಯ ತನಕ ಬಂದ. ಅಲ್ಲಿಂದ ಮುಂದೆ ಹೋಗಲು ಮತ್ತೆ ಆಗಲೇ ಇಲ್ಲ. ಬಸ್ಸು ಬಂತು, ಹೋಯಿತು.